ಹೊಸ ಕಂಪ್ಯೂಟರಿನಲ್ಲಿ ಹಳೆಯ ಹೆಸರು

ನಿತಿನ,

ಗುಳೇದಗುಡ್ಡಕ್ಕೆ ಹೋಗುತ್ತಿದ್ದೇನೆ, ಸಂಜೆ ಬರುತ್ತೇನೆ. ಡಬ್ಬಿಯಲ್ಲಿ ಅವಲಕ್ಕಿ ಇದೆ.

ನಿಮ್ಮಣ್ಣನ ಲೆಕ್ಕದ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಸುಮ್ಮನೆ ಒತ್ತಿದರೆ ತೆರೆಯುವುದಿಲ್ಲ. ಮೌಸಿನ ಬಲಗಡೆ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ ಹಳೆಯ ವಿಂಡೋಸ್ ಆರಿಸು. ಅಪ್‌ಡೇಟ್ ಕೇಳಿದರೆ ಬೇಡ ಅನ್ನು. ಹೋದ ಸಲ ನೀನು ಹೂಂ ಅಂದದ್ದಕ್ಕೆ ಎರಡು ದಿನ ಕೆಲಸ ನಿಂತಿತ್ತು.

ಯೂಸರ್ ಹೆಸರು ಇನ್ನೂ ಅವರದೇ. ಮದುವೆಯಲ್ಲಿ ಒಡಪು ಹಾಕಿ, ಪದ್ಯದೊಳಗೆ ಸೇರಿಸಿ ಹೇಳಿದ್ದು ಬಿಟ್ಟರೆ ನಾನು ಬಾಯಿಬಿಟ್ಟು ಹೇಳಿದ ಹೆಸರಲ್ಲ. ಅವರು ಹೋದ ಮೇಲೆ ಏಳು ತಿಂಗಳಿಂದ ದಿನಾ ಟೈಪ್ ಮಾಡುತ್ತಿದ್ದೇನೆ.

ನಿನ್ನೆ ರಿಪೇರಿಯವನು, "ಅಕ್ಕಾರ, ಸಾಹೇಬ್ರ ಹೆಸರು ತಗದು ನಿಮ್ಮದು ಹಾಕ್ಲೇನ್ರಿ?" ಎಂದು ಕೇಳಿದ. ಚಹಾ ತರುತ್ತೇನೆಂದು ಒಳಗೆ ಹೋದೆ.

ಇವತ್ತು ಮತ್ತೆ ಬರುತ್ತಾನೆ. ನಾನು ಬರುವುದರೊಳಗೆ ನನ್ನದು ಹಾಕಿಸಿಬಿಡು.

ವೈನಿ