ನೂರಾ ಹನ್ನೆರಡನೆಯ ಪುಟದ ನಾಯಿ

ಇಳಿದ ಶಕೆ ೨೧೪, ಹದಿನಾಲ್ಕನೆಯ ತಿಂಗಳು, ತಾರೀಕು ಮೂವತ್ತೇಳು

ಉದಯಭಾನು ಅವರಿಗೆ,

ನಮ್ಮ ಆಟದ ಪುಸ್ತಕ ಒಮ್ಮೆ ನಿಮ್ಮದಾಗಿತ್ತು; ಮೊದಲ ಪುಟದಲ್ಲಿ ನಿಮ್ಮ ಹೆಸರು ನೀಲಿ ಶಾಯಿಯಲ್ಲಿದೆ. ಒಂಬತ್ತು ತಲೆಮಾರು ಆಚೆಯಿಂದ ಬರೆಯುತ್ತಿದ್ದೇನೆ. ಮೇಲಾಗಿ ನಾಲ್ಕು ದಿನದಿಂದ ನಿದ್ದೆಯಿಲ್ಲ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಹಿಂದಂಚೆ ಒಬ್ಬರಿಗೆ ಜನ್ಮದಲ್ಲಿ ಒಂದೇ ಕಾಗದ ಕೊಡುತ್ತದೆ. "ಎಲ್ರೂ ಮುತ್ತಜ್ಜಿಗೆ ಬರೀತಾರೆ, ನೀನು ಆಟದ ನಾಯಿಗೋಸ್ಕರ ಹಾಳು ಮಾಡ್ತೀಯೇನೇ?" ಎಂದು ನನ್ನ ಅತ್ತೆ ಮುಖ ತಿರುಗಿಸಿದ್ದಾರೆ.

ನಾವಿರುವುದು ಹಳೆಯ ಚಿನ್ನದ ಗಣಿಯೊಳಗೆ. ಮೇಲಿನ ಬಿಸಿಲಿಗೆ ಯಾರೂ ಹೋಗುವುದಿಲ್ಲ. ಅಣಬೆ ಗಂಜಿ ಕುಡಿದು, ಸಂಜೆ ಗಂಟೆಯಾದೊಡನೆ ಓಣಿಯವರೆಲ್ಲ ಮೇಜಿಗೆ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುತ್ತೇವೆ. ಕಲ್ಲಿನ ದಾಳ, ಕೈಯಲ್ಲಿ ಬರೆದ ಪಾತ್ರದ ಹಾಳೆ, ನಿಮ್ಮ ಪುಸ್ತಕ. ಮಕ್ಕಳಿಗೆ ಐದು ತುಂಬಿದಾಗ ಆಟದಲ್ಲಿ ಒಂದು ಒಡನಾಡಿ ಪ್ರಾಣಿ ಸಿಗುತ್ತದೆ. ನಿಜವಾದ ಪ್ರಾಣಿ ಒಂದೂ ನಮ್ಮಲ್ಲಿಲ್ಲ. ನನ್ನ ಮಗಳು ಹೊನ್ನಿಗೆ ನಾಯಿ ಬಂತು. ಒಡಹುಟ್ಟಿದವರಿಲ್ಲದ ಅವಳು ಅದಕ್ಕೆ ತಮ್ಮಣ್ಣ ಎಂದು ಹೆಸರಿಟ್ಟು, ಒಂದು ವರ್ಷ ಅದರ ಹಾಳೆಯನ್ನು ಪಕ್ಕದಲ್ಲೇ ಮಲಗಿಸಿಕೊಂಡಳು.

ಹೋದ ವಾರ ಆಟದಲ್ಲಿ ಒಂದು ಛತ್ರಕ್ಕೆ ಬೆಂಕಿ ಬಿತ್ತು; ತಮ್ಮಣ್ಣ ಒಳಗೇ ಇತ್ತು. ಹೊನ್ನಿಯ ಸರದಿ ಬಂದಾಗ ಅವಳು ಉಚ್ಚೆಗೆ ಹೋಗಿದ್ದಳು. ಮರಳು ಗಡಿಯಾರ ಖಾಲಿಯಾಯಿತು. ನಾಯಿಗೆ ಯಾರೂ ಆಜ್ಞೆ ಕೊಟ್ಟಿರಲಿಲ್ಲ. ನೂರಾ ಹನ್ನೆರಡನೆಯ ಪುಟ ಹೇಳುವುದು ಇಷ್ಟೇ: ಒಡನಾಡಿ ಪ್ರಾಣಿ ಒಡೆಯನ ಸರದಿಯಲ್ಲಿ, ಅವನ ಆಜ್ಞೆಯಂತೆ ನಡೆಯುತ್ತದೆ. ಆಜ್ಞೆ ಇಲ್ಲದಿದ್ದರೆ? ಆ ಮಾತೇ ಇಲ್ಲ. ಮುನ್ನೂರು ಪುಟ ಕತ್ತಿಯ ತೂಕ, ಕೋಟೆಯ ಬಾಗಿಲು ಬರೆದ ಪುಣ್ಯಾತ್ಮರಿಗೆ ಇನ್ನೊಂದು ವಾಕ್ಯ ಬರೆಯಲು ಕೈ ಬರಲಿಲ್ಲವೇ?

ಎರಡು ದಿನ ಹನ್ನೊಂದು ಜನ ದೊಡ್ಡವರು ವಾದಿಸಿದರು. ಒಬ್ಬರೂ ನಾಯಿ ಕಂಡವರಲ್ಲ. "ಹೇಳ್ದೆ ಅದೆಂಗೆ ಓಡ್ತದೆ? ಅದಕ್ಕೇನು ಬುದ್ಧಿ ಅದಾ?" ಎಂದು ಆಟ ನಡೆಸುವ ಮೇಜಿನ ಯಜಮಾನ ಚೌಡಪ್ಪ ಮಾವ ಹಲ್ಲಿನ ಸಂದಿಯ ಅಣಬೆ ಕೀಳುತ್ತಾ ಕೇಳಿದರು. "ಒಲೆಗೂ ಕಾಲವೆ, ಅದು ಓಡ್ತದಾ? ಹಂಗೇನೆ," ಎಂದರು ಇನ್ನೊಬ್ಬರು. ನಕ್ಕರು. ಮಗು ಬಾಗಿಲಲ್ಲಿ ನಿಂತು ಕೇಳುತ್ತಿತ್ತು.

ಇವರಿಗಿಂತ ನನ್ನ ಮೇಲೇ ಹೆಚ್ಚು ಹೇಸಿಗೆ. ನಮ್ಮಲ್ಲೊಂದು ಪದ್ಧತಿಯಿದೆ: ತೀರ್ಪು ಯಾರ ಮನೆಯದೋ ಆ ಮನೆಯವರು ಮೊದಲು ಮಾತಾಡಬೇಕು. ಪುಸ್ತಕ ಓದಿ ಹೇಳುವ ಕೆಲಸವೂ ನನ್ನದೇ. ಕಲಿತವಳು, ಮಗಳ ಪಕ್ಷ ವಹಿಸಿದಳು ಅಂದಾರು ಎಂಬ ಅಂಜಿಕೆಗೆ, "ಬರೆದಿಲ್ಲ, ಆದ್ದರಿಂದ ಕದಲದು," ಎಂದುಬಿಟ್ಟೆ. ಆಮೇಲೆ ಎಲ್ಲರಿಗೂ ಸುಲಭವಾಯಿತು. ನಾಯಿ ಸತ್ತಿತೆಂದು ಚೌಡಪ್ಪ ಮಾವ ಅದರ ಹಾಳೆಯ ಮೇಲೆ ಗೀಟೆಳೆದರು.

"ನಾನು ಬರೋತನಕ ಅದು ಅಲ್ಲೇ ನಿಂತಿತ್ತಾ ಅಮ್ಮಾ?" ಎಂದಳು ಹೊನ್ನಿ. ಅಂದಿನಿಂದ ಗಂಜಿ ಮುಟ್ಟಿಲ್ಲ, ನೀರಷ್ಟೇ. ಉಚ್ಚೆಗೆ ಹೋಗಲೂ ಹೆದರುತ್ತಾಳೆ. ಈಗ ನನ್ನ ತೊಡೆಯ ಮೇಲೆ ಬಿದ್ದುಕೊಂಡಿದ್ದಾಳೆ. ಉಸಿರು ಎಣಿಸುತ್ತಾ ಬರೆಯುತ್ತಿದ್ದೇನೆ.

ಪುಸ್ತಕದಲ್ಲೇ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ತೀರ್ಪು ತಿರುಗುತ್ತದೆ. ನಿಮ್ಮ ಕಾಲದಲ್ಲಿ ನಾಯಿಗಳು ಬೀದಿಯಲ್ಲೇ ಇದ್ದವಂತೆ. ಒಂದನ್ನು ನೋಡಿ, ಯಾರನ್ನಾದರೂ ಕೇಳಿ: ಬೆಂಕಿ ಕಂಡರೆ ಅದು ಹೇಳದೆಯೇ ಓಡುತ್ತದೆಯೇ? ಓಡುತ್ತದೆ ಎಂದಾದರೆ ಆ ಪುಟದ ಅಂಚಿನಲ್ಲಿ ಒಂದು ಸಾಲು ಬರೆಯಿರಿ. ಸುಳ್ಳು ಬೇಡ, ಹೊನ್ನಿಗೆ ಗೊತ್ತಾಗುತ್ತದೆ.

ಅಂಚಿನಲ್ಲಿ ಜಾಗವಿದೆ. ಅರ್ಧವನ್ನು ನಿಮ್ಮ ಮನೆಯವರಾರೋ ಕೆಸರುಗೈ ಊರಿ ಕೆಡಿಸಿದ್ದಾರೆ: ಕೆಳಗೊಂದು ದಪ್ಪ ಮಚ್ಚೆ, ಮೇಲೆ ನಾಲ್ಕು ಸಣ್ಣವು. ಪುಸ್ತಕ ಮುಟ್ಟುವ ಮುಂಚೆ ಕೈ ತೊಳೆಯಬಾರದೇ? ಅಸಹ್ಯ. ಆದರೆ ಹೊನ್ನಿ ಅದರ ಮೇಲೇ ಹೆಬ್ಬೆರಳಿಟ್ಟು ಮಲಗಿದ್ದಾಳೆ, ತೆಗೆಯಲು ಬಿಡುತ್ತಿಲ್ಲ. ನೀವು ಅದರ ಪಕ್ಕದಲ್ಲಿ ಬರೆಯಿರಿ.

ಹೊನ್ನಿಯ ಅಮ್ಮ,
ತಾರಿಣಿ