ಏಳನೇ ದಿನದ ಎಣಿಕೆ

ಜಾನುವಾರು ತದ್ರೂಪು ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ವಾರ್ಷಿಕ ವರದಿಯಲ್ಲಿ ಗಾಜಿನ ತಟ್ಟೆಯಲ್ಲಿ ಏಳನೇ ದಿನದವರೆಗೆ ಬೆಳೆದ ಭ್ರೂಣಗಳ ಎಣಿಕೆಯಿದೆ. ಹುಟ್ಟುವಾಗಲೇ ಸತ್ತ ಕರುಗಳ ಎಣಿಕೆಯಿಲ್ಲ. ಅವನ್ನು ಈಯಲಾರದೆ ಸತ್ತ ಹಸುಗಳ ಸುದ್ದಿಯಂತೂ ಇಲ್ಲವೇ ಇಲ್ಲ. ಯಾಕೆ ಎಂದು ಎಲ್ಲರೆದುರು ಕೇಳುತ್ತಿದ್ದೇನೆ. ಕೇಳಲು ನನಗೆ ಮುಖವಿಲ್ಲ ಎಂಬುದೂ ಗೊತ್ತು, ಏಕೆಂದರೆ ಹನ್ನೊಂದು ವರ್ಷಗಳಿಂದ ಆ ತಟ್ಟೆಗಳನ್ನು ತುಂಬಿಸುತ್ತಿರುವ ಕೈ ನನ್ನದೇ.

ಓದುವ ನಾಲ್ಕು ಜನಕ್ಕೆ ನಮ್ಮ ಕೆಲಸ ತಿಳಿಯಲಿ. ಕಸಾಯಿಖಾನೆಯಿಂದ ಬೆಚ್ಚಗಿನ ಫ್ಲಾಸ್ಕಿನಲ್ಲಿ ಬರುವ ಅಂಡಾಶಯಗಳಿಂದ ಎಳೆಯ ಅಂಡಗಳನ್ನು ಸೂಜಿಯಲ್ಲಿ ಹೀರಿ ತೆಗೆಯುತ್ತೇವೆ. ಒಂದು ದಿನ ಇನ್‌ಕ್ಯುಬೇಟರಿನಲ್ಲಿಟ್ಟು ಬಲಿಸುತ್ತೇವೆ. ಬಲಿತ ಅಂಡದ ತಿರುಳು ತೆಗೆದು, ಹೆಚ್ಚು ಹಾಲು ಕೊಡುವ ಹಸುವಿನ ಒಂದು ಜೀವಕೋಶ ಸೇರಿಸಿ, ಏಳು ದಿನ ಪೋಷಕ ದ್ರವದಲ್ಲಿ ಬೆಳೆಸಿ, ಯಾರದೋ ಮನೆಯ ಹಸುವಿನ ಗರ್ಭದಲ್ಲಿ ಇಡುತ್ತೇವೆ. ಆ ದ್ರವಕ್ಕೆ ಸೀರಂ, ಅಂದರೆ ರಕ್ತದ ತಿಳಿ, ಬೆರೆಸಿದರೆ ಭ್ರೂಣಗಳು ಬೇಗ ಬೆಳೆಯುತ್ತವೆ. ಆದರೆ ಕೆಲವು ಗರ್ಭದೊಳಗೂ ಮಿತಿ ಮೀರಿ ಬೆಳೆದು ತಾಯಿ ಈಯಲಾರದಷ್ಟು ದೊಡ್ಡವಾಗುತ್ತವೆ. ಇದು ನಿಮಗೂ ಗೊತ್ತು, ನನಗೂ ಗೊತ್ತು. ಎರಡು ವರ್ಷ ಹೆಣಗಾಡಿ ನಾನು ಸೀರಂ ಇಲ್ಲದ ದ್ರವ ಮಾಡಿದೆ, ಅಂಡ ಬಲಿಸುವ ಕ್ರಮವನ್ನೂ ತಿದ್ದಿದೆ. ನೂರು ಅಂಡಗಳಿಗೆ ಮೂವತ್ತಿದ್ದ ಭ್ರೂಣಗಳು ಹದಿನೆಂಟಕ್ಕೆ ಇಳಿದವು. ಕರುಗಳು ಮಾತ್ರ ಕರುಗಳ ಗಾತ್ರದಲ್ಲೇ ಹುಟ್ಟಿದವು.

ಅಷ್ಟರಲ್ಲಿ ಪರಿಶೀಲನಾ ಸಮಿತಿ ಬರುತ್ತದೆಂದಾಯಿತು. ನೀವು ನನ್ನ ಬೆನ್ನ ಹಿಂದೆ ಬಂದು ನಿಂತಿರಿ. "ಈ ಒಂದು ವಾರ ಹಳೇ ದ್ರವ ಹಾಕಮ್ಮ. ಹದಿನೆಂಟು ತೋರಿಸಿದ್ರೆ ನಮ್ಮ ಮರ್ಯಾದೆ ಏನಾಗುತ್ತೆ?" ಎಂದಿರಿ. ಆಹಾ, ಮರ್ಯಾದೆ! ನಾನೇನು ಎದುರಾಡಿದೆನೇ? "ಆಯ್ತು ಸಾರ್" ಎಂದು ಅರ್ಧ ತಟ್ಟೆಗಳಿಗೆ ಸೀರಂ ಹಾಕಿದೆ. ನನ್ನ ಬಡ್ತಿಯ ಕಡತ ನಿಮ್ಮ ಮೇಜಿನ ಮೇಲಿತ್ತು.

ಸಮಿತಿಯವರು ಬೆನ್ನು ತಟ್ಟಿ ಹೋದ ದಿನವೇ ಭ್ರೂಣ ಇಡಿಸಿಕೊಳ್ಳಲು ನನ್ನ ಚಿಕ್ಕಮ್ಮನ ಹಸು ಕೆಂಚಿಯ ಸರದಿ. ನನ್ನ ಮಾತು ನಂಬಿಯೇ ಅವರು ಕೆಂಚಿಯನ್ನು ಕೊಟ್ಟಿದ್ದರು. ನಮ್ಮವರಿಗೆ ಒಳ್ಳೆಯದೇ ಸಿಗಲಿ ಎಂದು ಸೂಕ್ಷ್ಮದರ್ಶಕದಡಿ ಹುಡುಕಿ ಹುಡುಕಿ, ಎಲ್ಲಕ್ಕಿಂತ ಬೇಗ ಬೆಳೆದ ದುಂಡನೆಯ ಭ್ರೂಣವನ್ನು ಆರಿಸಿದೆ. ಅದು ಸೀರಂ ತಟ್ಟೆಯದು. ನಾನು ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹಾಳಾಗಿ ಹೋಗಿತ್ತು? ಇಷ್ಟು ವರ್ಷ ದುಂಡಗಿನದಕ್ಕೇ ಶಭಾಷ್ ಅನ್ನಿಸಿಕೊಂಡ ಕಣ್ಣು ದುಂಡಗಿನದನ್ನೇ ಹುಡುಕಿತು.

ಒಂಬತ್ತು ತಿಂಗಳು ತುಂಬಿ ಕೆಂಚಿ ಈದ ಕರು ಎಪ್ಪತ್ತು ಕಿಲೋ ಇತ್ತು. ಹೊರಬರುವಾಗಲೇ ಉಸಿರಿರಲಿಲ್ಲ. ಕೆಂಚಿ ಮಧ್ಯಾಹ್ನದ ಹೊತ್ತಿಗೆ ಹೋಯಿತು. ಕೊಟ್ಟಿಗೆಯ ನೆಲ ತೊಳೆಯುತ್ತಿದ್ದ ಚಿಕ್ಕಮ್ಮ ನನ್ನನ್ನೇ ಸಮಾಧಾನ ಮಾಡಿದರು: "ನೀನ್ಯಾಕೆ ಅಳ್ತೀಯ ಬಿಡು. ನಿನ್ನ ಕೈಲಾದ್ದು ನೀನು ಮಾಡಿದೆ."

ನಿಮ್ಮ ಕಚೇರಿ ಬರೆಸಿದ ಕಾರಣ: "ಹಸುವಿನ ಸೊಂಟ ಕಿರಿದು." ಮೂರು ಕರುಗಳನ್ನು ಯಾರ ಹಂಗೂ ಇಲ್ಲದೆ ಈದಿದ್ದ ಕೆಂಚಿಯ ಸೊಂಟ ನಾಲ್ಕನೆಯದಕ್ಕೆ ಇದ್ದಕ್ಕಿದ್ದಂತೆ ಕಿರಿದಾಯಿತೇ? ಎಂಥ ಸಂಶೋಧನೆ ಸ್ವಾಮಿ! ಅದನ್ನು ಟೈಪ್ ಮಾಡಿದವಳೂ ನಾನೇ. ನಾಚಿಕೆಯಿಂದ ಸಾಯಬೇಕೆನಿಸುತ್ತದೆ.

ನಿಮ್ಮ 'ಒಂದು ವಾರ' ಮುಗಿಯಲೇ ಇಲ್ಲ. ಸಮಿತಿ ಮೆಚ್ಚಿದ ಮೂವತ್ತನ್ನು ಬಿಟ್ಟುಕೊಡಲು ನಿಮಗೆ ಮನಸ್ಸಾಗಲಿಲ್ಲ. ಈಗ ಎಲ್ಲ ತಟ್ಟೆಗಳಲ್ಲೂ ಸೀರಂ. ಈ ಗುರುವಾರ ಕೆಂಚಿಯ ಮಗಳ ಸರದಿ. "ಇದಕ್ಕೆ ಇದರಮ್ಮನ ಥರ ಸಣ್ಣ ಸೊಂಟ ಇಲ್ಲ ಕಣೆ. ನೀನೇ ಆರಿಸಿ ಹಾಕು" ಎಂದಿದ್ದಾರೆ ಚಿಕ್ಕಮ್ಮ.

ಗುರುವಾರದ ತಟ್ಟೆಗಳನ್ನು ಚೆಲ್ಲಲು ಆದೇಶ ಕೊಡಿ. ಹದಿನೆಂಟಾದರೆ ಹದಿನೆಂಟು ಎಂದೇ ಬರೆಯಿರಿ. ಸತ್ತ ಕರುಗಳನ್ನೂ ಹಸುಗಳನ್ನೂ ವರದಿಗೆ ಸೇರಿಸಿ, ಕಳೆದುಕೊಂಡ ಒಬ್ಬೊಬ್ಬರಿಗೂ ನಿಜವಾದ ಕಾರಣ ತಿಳಿಸಿ. ನೀವು ಆದೇಶ ಕೊಟ್ಟರೂ ಸರಿ, ಬಿಟ್ಟರೂ ಸರಿ, ಬುಧವಾರ ಚಿಕ್ಕಮ್ಮನ ಮನೆಗೆ ಹೋಗಿ ಈ ಪತ್ರವನ್ನು ಓದಿ ಹೇಳುತ್ತೇನೆ. ಅವರ ಕಣ್ಣು ಮಂಜಾಗಿದೆ, ಮನೆಗೆ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುವುದು. ಸೊಂಟದ ಕಾಗದವನ್ನೂ ನಾನೇ ಓದಿ ಹೇಳಿದ್ದೆ.

ಇಂತಿ,
ನಿಮ್ಮ ಪ್ರಯೋಗಾಲಯದಲ್ಲಿ 'ಒಳ್ಳೆಯ ಕೈ' ಎನಿಸಿಕೊಂಡವಳು