ಮಳೆಗೂ ಕೂಗದ ಮೇವಿಸ್

ನವೆಂಬರ್ 2, ಗುರುವಾರ. ಬೆಳಿಗ್ಗೆ 6.40

ಪಕ್ಕದ ಕೋರಲ್ ಅವರ ಮನೆ ಬೀಗ ತೆಗೆದೆ. ಗಾಜಿನ ಪೆಟ್ಟಿಗೆಯ ಗಿಡಗಳಿಗೆ ನೀರು ಚಿಮುಕಿಸಿದೆ — ಟ್ಯಾಂಕಿನ ಮಳೆನೀರು, ನಲ್ಲಿಯದಲ್ಲ. ಎರಡು ಜಿರಳೆ ಬಿಟ್ಟೆ. ಮೇವಿಸ್ ಜರೀಗಿಡದ ಹಿಂದೆ ಗಾಜಿಗೆ ಅಂಟಿಕೊಂಡು ನಿದ್ದೆ. ಇಪ್ಪತ್ತೊಂದು ವರ್ಷದ ಹಸಿರು ಮರಗಪ್ಪೆ. ಕೋರಲ್ ಅವರ ಗಂಡ ಡಗ್ ತೀರಿಕೊಳ್ಳುವ ಹಿಂದಿನ ವರ್ಷ ತಂದುಕೊಟ್ಟದ್ದು.

ಸೊಂಟದ ಆಪರೇಷನ್ನಿಗೆ ಟೌನ್ಸ್‌ವಿಲ್ ಆಸ್ಪತ್ರೆಗೆ ಹೊರಟಾಗ ಕೋರಲ್ ಹೇಳಿದ್ದು ಇಷ್ಟು: "ಮುಟ್ಬೇಡ ಲಿಯಾನ್. ಮುಟ್ಲೇಬೇಕು ಅಂದ್ರೆ ಟ್ಯಾಂಕ್ ನೀರಲ್ಲಿ ಕೈ ತೊಳ್ಕೊ. ಮತ್ತೆ, ಮಾತಾಡ್ತಾಳೆ ಅಂತ ಕಾಯ್ತಾ ಕೂರ್ಬೇಡ. ಕೂಗೋದೆಲ್ಲ ಗಂಡು ಕಪ್ಪೆಗಳು. ಇವಳು ಎಂಥಾ ಮಳೆ ಬಂದ್ರೂ ಗಪ್‌ಚಿಪ್. ಈ ಮನೇಲಿ ಕೂಗಾಡೋ ಹೆಣ್ಣು ನಾನೊಬ್ಬಳೇ."

ನವೆಂಬರ್ 9, ಗುರುವಾರ

ಪದ್ಯ ನಿಂತುಬಿಟ್ಟಿತ್ತು. ನಲವತ್ತೆಂಟಕ್ಕೆ ಎಂ.ಎ. — ಪ್ರಬಂಧದ ಜೊತೆ ಹನ್ನೆರಡು ಪದ್ಯ ಒಪ್ಪಿಸಬೇಕು. ಕಪ್ಪೆಯ ಹೊಟ್ಟೆಯ ತಂಪಿಗೆ ಒಂದು ಪದ ಬೇಕಿತ್ತು. ಸಂಜೆ ಅವಳನ್ನು ಅಂಗೈ ಮೇಲೆ ಕೂರಿಸಿಕೊಂಡೆ. ಹತ್ತು ನಿಮಿಷ. ಪದ ಸಿಕ್ಕಿತು.

ಮನೆಗೆ ಬಂದು ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಕೈ ವಾಸನೆ. ಸೊಳ್ಳೆ ಸ್ಪ್ರೇ. ವೆರಾಂಡದಲ್ಲಿ ಕೂರುವ ಮೊದಲು ಹಚ್ಚಿಕೊಂಡಿದ್ದೆ, ದಿನಾ ಹಚ್ಚಿಕೊಳ್ಳುವ ಹಾಗೆ. ತೊಳೆದಿರಲಿಲ್ಲ. ಕಪ್ಪೆಯ ಚರ್ಮ ಏನಿದ್ದರೂ ಹೀರಿಕೊಳ್ಳುತ್ತದೆ. ಓಡಿದೆ. ಅವಳ ಮೈಮೇಲೆ ಮಳೆನೀರು ಸುರಿದೆ. ಚೆನ್ನಾಗಿಯೇ ಇದ್ದಳು... ಅನ್ನಿಸಿತು.

ನವೆಂಬರ್ 11, ಶನಿವಾರ

ಮೈ ಕಂದು. ಚಾಚಿದ ಹಿಂಗಾಲು ಚಾಚಿದಂತೆಯೇ ಇದೆ. ಈ ಊರಿನ ಪಶುವೈದ್ಯರಿಗೆ ಮೇವಿಸ್ ಗೊತ್ತು. ಅವರು ಕೇಳುವ ಮೊದಲ ಪ್ರಶ್ನೆ — ಏನು ಮಾಡಿದಿರಿ? ನಂಬರ್ ಒತ್ತಿ, ಕಟ್ ಮಾಡಿದೆ. ಎರಡು ಸಲ.

ಅಷ್ಟರಲ್ಲಿ ಕೋರಲ್ ಅವರದೇ ಫೋನ್. "ನನ್ನ ಹುಡುಗಿ ಹೇಗಿದಾಳೆ?"

"ಚೆನ್ನಾಗಿದಾಳೆ. ತಿಂತಿದಾಳೆ."

"ತುಂಬಾ ಹಾಕ್ಬೇಡ ಮಾರಾಯ್ತಿ. ದಪ್ಪಗಾಗಿ ನನ್ನ ಥರ ಸೊಂಟ ಮುರ್ಕೊಂಡಾಳು."

ನಕ್ಕೆ ಕೂಡ.

ನವೆಂಬರ್ 13, ಸೋಮವಾರ

ಹೋದಳು. ಪೇಪರಿನಲ್ಲಿ ಸುತ್ತಿದೆ. ಹಗುರ, ಎಷ್ಟು ಹಗುರ. ಗುಂಡಿ ತೋಡಿದರೆ ಎದುರುಮನೆಯವರು ನೋಡುತ್ತಾರೆ, ಕೇಳುತ್ತಾರೆ. ಕಸದ ಡಬ್ಬಕ್ಕೆ ಹಾಕಿದೆ.

ಇಲ್ಲಿ ಬರೆದುಬಿಟ್ಟೆ.

ನವೆಂಬರ್ 14, ಮಂಗಳವಾರ. ಬೆಳಿಗ್ಗೆ 7

ಕಸದ ಲಾರಿ ಬಂತು. ಅದರ ಕಬ್ಬಿಣದ ಕೈ ಡಬ್ಬ ಎತ್ತಿತು, ಬಗ್ಗಿಸಿತು, ಕೊಡವಿತು. ಪರದೆ ಹಿಂದೆ ನಿಂತು ನೋಡಿದೆ.

ನವೆಂಬರ್ 17, ಶುಕ್ರವಾರ

ಕೋರಲ್ ಅವರ ಹೊರಗಿನ ಟಾಯ್ಲೆಟ್ಟಿನ ಅಂಚಿನಡಿ ಒಂದು ಕಪ್ಪೆ ಕೂತಿತ್ತು. ಇಲ್ಲಿ ಯಾರ ಟಾಯ್ಲೆಟ್ಟಿನಲ್ಲಿ ಇಲ್ಲ? ಅದೇ ಹಸಿರು. ಸ್ವಲ್ಪ ಚಿಕ್ಕದು. ಹೊರಗಿನದನ್ನು ಹಿಡಿದಿಡುವಂತಿಲ್ಲ, ಅದು ಕಾನೂನು — ಸ್ಕೂಲಿನಲ್ಲೇ ಕಲಿತದ್ದು. ಹಿಡಿದೆ. ಪೆಟ್ಟಿಗೆಗೆ ಬಿಟ್ಟೆ.

ಈ ಸಲ ಕೈ ತೊಳೆದುಕೊಂಡಿದ್ದೆ. ಮೂರು ಸಲ.

ನವೆಂಬರ್ 28

ಪದ್ಯ ಕಳಿಸಿದೆ. ಗೈಡ್ ಮೇಡಂ ಮೆಚ್ಚಿ ಬರೆದಿದ್ದಾರೆ: ಆ ತಂಪು ನಿಜವಾದದ್ದು ಎಂದು ತಿಳಿಯುತ್ತದೆ. ಕಳಿಸುವ ಮುಂಚೆ ಹರಿದುಹಾಕಬಹುದಿತ್ತು. ಹಾಕಲಿಲ್ಲ.

ಡಿಸೆಂಬರ್ 8, ಶುಕ್ರವಾರ

ಕೋರಲ್ ಬಂದರು. ವಾಕರ್ ತಳ್ಳುತ್ತ ನೇರ ಪೆಟ್ಟಿಗೆಯ ಹತ್ತಿರ.

"ಅಯ್ಯೋ, ಸೊರಗಿದಾಳೆ ನೋಡು, ನಂಗೋಸ್ಕರ."

ಬೆರಳ ತುದಿಯಲ್ಲಿ ಜಿರಳೆ ಹಿಡಿದರು. ಇಪ್ಪತ್ತೊಂದು ವರ್ಷ ಆ ಬೆರಳಿನಿಂದಲೇ ತಿಂದವಳು ಅವಳು. ಇದು ಹಾರಿ ತೊಗಟೆಯ ಹಿಂದೆ ಅಡಗಿತು.

"ಮುನಿಸು," ಅಂದರು. "ಐದು ವಾರ ಬಿಟ್ಟೋದ್ನಲ್ಲ. ಇರ್ಲಿ, ಡಗ್ ಕೂಡ ಹೀಗೇ ಮುಖ ತಿರುಗಿಸ್ತಿದ್ದ. ನಿನ್ನಂಥ ನೆರೆಯವಳು ಸಿಕ್ಕಿದ್ದು ನನ್ನ ಅದೃಷ್ಟ ಕಣೆ." ಒಂದು ಚೀಲ ಮಾವಿನಹಣ್ಣು ಕೊಟ್ಟರು. ಕಿಟಕಿಯ ಹಲಗೆ ಮೇಲಿಟ್ಟಿದ್ದೇನೆ. ತಿನ್ನಲಾಗುತ್ತಿಲ್ಲ.

ಡಿಸೆಂಬರ್ 12, ಮಂಗಳವಾರ. ಮಧ್ಯಾಹ್ನ 3.20

ವರ್ಷದ ಮೊದಲ ದೊಡ್ಡ ಮಳೆ. ಕೋರಲ್ ಅವರ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆವು. ತಗಡಿನ ಚಾವಣಿ ಮೇಲೆ ಸದ್ದು ಜೋರಾಯಿತು. ಪೆಟ್ಟಿಗೆಯಿಂದ — ಕ್ರಾಕ್. ಕ್ರಾಕ್.

ಕಪ್ ಕೆಳಗಿಟ್ಟರು.

"ಹೊರಗೆ ಪೈಪಿನೊಳಗಿಂದು ಇರ್ಬೇಕು," ಅಂದೆ.

ಮತ್ತೆ ಕೂಗಿತು. ಗಾಜಿನ ಹಿಂದೆ ಅದರ ಗಂಟಲು ಉಬ್ಬಿ ಇಳಿಯುವುದು ಇಬ್ಬರಿಗೂ ಕಾಣುತ್ತಿತ್ತು. ಕೋರಲ್ ಅದನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ...

"ಎಲ್ಲಿ ಹೂತಿದೀಯ?"

"ನಿಮ್ಮ ಮಾವಿನ ಮರದ ಕೆಳಗೆ."

ಯಾಕೆ ಹಾಗಂದೆ? ಬಾಯಿಂದ ಬಂದುಬಿಟ್ಟಿತು.

"ಡಗ್ ಹೊಳೇಲಿ ಆರಿಸಿ ತಂದಿದ್ದ ಬಿಳಿ ಕಲ್ಲೊಂದಿದೆ," ಅಂದರು. "ಮಳೆ ನಿಲ್ಲಲಿ. ಜಾಗ ತೋರ್ಸು, ಇಡೋಣ."

ಛತ್ರಿ ತರುತ್ತೇನೆಂದು ಮನೆಗೆ ಬಂದೆ. ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಕಾಣುತ್ತಾರೆ — ವೆರಾಂಡದ ಕುರ್ಚಿಯಲ್ಲಿ, ವಾಕರ್ ಪಕ್ಕದಲ್ಲಿ, ಮಡಿಲಲ್ಲಿ ಕಲ್ಲು. ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಕಪ್ಪೆ ಇನ್ನೂ ಕೂಗುತ್ತಿದೆ, ಇಲ್ಲಿಯವರೆಗೂ ಕೇಳುತ್ತಿದೆ. ಹೋಗಿ ಹೇಳಬೇಕು. ಮರದ ಕೆಳಗೆ ಹೋಗುವ ಮುಂಚೆಯೇ, ಈಗಲೇ. ತಗಡಿನ ಸದ್ದು ಇಳಿಯುತ್ತಿದೆ. ಕೈ ಎತ್ತಿ ಕರೆದರು. ಮಳೆ ನಿಂತಿತು.